ರಾಯಚೂರು ಸೀಮೆಯಲ್ಲಿ ಪೇಟಿ

ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಆ ತಾಲ್ಲೂಕಿನ ಚೀಕಲಪರವಿಯಲ್ಲಿ ಜನಿಸಿದ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಇವರೆಲ್ಲ ಬಾಳಿದ 18ನೆಯ ಶತಮಾನದಲ್ಲಿ ಹರಿದಾಸನಿಗೆ ಶ್ರುತಿಗಾಗಿ ತಂಬೂರಿಯೂ ಲಯಕ್ಕಾಗಿ ತಾಳವೂ ಸಾಕಾಗಿದ್ದುವು. ಅಂತಹ ಸೀಮೆಯ ಭಜನೆಯಲ್ಲಿಯೂ ನಾಟಕದಲ್ಲಿಯೂ, ಜನರು ಪೇಟಿಯೆಂದು ಕರೆಯುವ ಹಾರ್ಮೋನಿಯಂ ಅಗ್ರಾಸನವನ್ನೇರಿದುದು ವಿಚಾರಾರ್ಹವಾದ ಸಂಗತಿ.

ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದಬೇನನು 1840ರ ದಶಕದ ಆರಂಭದಲ್ಲಿ ರೂಪಿಸಿದ ಈ ವಾದ್ಯವು ಕಾಲಿನಿಂದ ತಿದಿಯೊತ್ತಿ ನುಡಿಸತಕ್ಕದ್ದಾಗಿದ್ದಿತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿಯೂದಿ ಮತ್ತೊಂದರಿಂದ ನುಡಿಸುವಂತೆ ಮಾರ್ಪಡಿಸಿದರು. ಮುಂಬಯಿಯ ರೈಲುದಾರಿಯೂ ಮದರಾಸಿನ ರೈಲುದಾರಿಯೂ 1871ರಲ್ಲಿ ರಾಯಚೂರಿನಲ್ಲಿ ಸಂಧಿಸಿದ ಮೇಲೆ, ನಿಜಾಮರ ಆಳಿಕೆಯ ಈ ಊರಿಗೆ ಎರಡು ದಿಕ್ಕಿನ ಸರಕೂ ಕಲೆಯೂ ಬರಲು ದಾರಿ ಸುಗಮವಾಯಿತು.

ಪೇಟಿಯ ಜೀವವು ರೀಡಿನಲ್ಲಿದೆ. ಹಿತ್ತಾಳೆಯ ತೆಳುವಾದ ನಾಲಗೆಯ ಒಂದು ತುದಿಯನ್ನು ಅದೇ ಲೋಹದ ತಗಡಿಗೆ ರಿವೆಟ್ ಹೊಡೆದು ಬಿಗಿದು, ಇನ್ನೊಂದು ತುದಿಯು ಕೆಳಗಿನ ಸೀಳಿನ ಅಂಚನ್ನು ಸೋಂಕದೆ ಆಡುವಂತೆ ಕೂರಿಸುತ್ತಾರೆ. ತುದಿಯನ್ನು ಕೆರೆದರೆ ಭಾರ ಕುಗ್ಗಿ ಸ್ವರವು ಏರುತ್ತದೆ. ಬುಡವನ್ನು ಕೆರೆದರೆ ಬಿಗುವು ಸಡಲಿ ಸ್ವರವು ಇಳಿಯುತ್ತದೆ. ಕೆರೆದು ತೆಗೆದ ಹಿತ್ತಾಳೆಯನ್ನು ಮರಳಿ ಸೇರಿಸುವುದು ಸುಲಭವಲ್ಲವಾದುದರಿಂದ, ಕುಶಲನು ಒಮ್ಮೆ ಕೆರೆದು, ಗಾಳಿಯೂದಿ, ಕೇಳಿ, ಅನಂತರವೇ ಮತ್ತೆ ಕೆರೆಯುತ್ತಾನೆ. ರೀಡನ್ನು ಕೆರೆಯುವ ಈ ನಿಯಮವು ಪೇಟಿಗೆ ಮಾತ್ರ ಸಲ್ಲುವುದಲ್ಲ. 1950ರ ದಶಕದಲ್ಲಿ ಅಮೆರಿಕದ ವುರ್ಲಿಟ್ಸರ್ ಕಂಪನಿಯು ಮಾರಾಟಕ್ಕೆ ತಂದ ವಿದ್ಯುತ್ ಪಿಯಾನೊದಲ್ಲಿ ಗಾಳಿಯಿಲ್ಲ, ಹಿತ್ತಾಳೆಯಿಲ್ಲ. ಪುಟ್ಟ ಸುತ್ತಿಗೆಗಳು ಉಕ್ಕಿನ ರೀಡುಗಳನ್ನು ಹೊಡೆಯುತ್ತವೆ, ಆ ಕಂಪನವು ವಿದ್ಯುತ್ತಾಗಿ ಪರಿಣಮಿಸಿ ಧ್ವನಿವರ್ಧಕದಲ್ಲಿ ಕೇಳಿಸುತ್ತದೆ. ಆದರೂ ಅದರ ರೀಡಿನ ತುದಿಯಲ್ಲಿರುವ ಬೆಸುಗೆಯ ಸೀಸವನ್ನು ಅರದಿಂದ ಉಜ್ಜಿದರೆ ಸ್ವರ ಏರುವುದೂ ಇದೇ ನಿಯಮದಿಂದ.

ಕಟ್ಟಿದ ಸ್ವರವು ಕದಲದೆಂಬುದೇ ಪಂಡಿತರ ಆಕ್ಷೇಪಕ್ಕೆ ಮೂಲವಾಯಿತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗುವ ಗಮಕಗಳಿಗೆ ಎಡೆಗೊಡದ ವಾದ್ಯವೆಂದು ಆಕಾಶವಾಣಿಯು 1940ರಲ್ಲಿ ಅದನ್ನು ಬಹಿಷ್ಕರಿಸಿತು. ಆ ನಿಷೇಧವು ಸಡಿಲಗೊಂಡುದು 1971ರಲ್ಲಿ. ಆದರೆ ಧ್ವನಿವರ್ಧಕವಿಲ್ಲದ ಡೇರೆಯಲ್ಲಿ, ಬೆಳಗಿನ ಜಾವದವರೆಗೆ ಹಾಡಬೇಕಾದ ನಾಟಕ ಕಂಪನಿಯ ನಟನಿಗೆ, ಹವೆಯೊಡನೆ ಶ್ರುತಿ ಬದಲಿಸುವ ತಂತಿಗಿಂತಲೂ ಪೇಟಿ ಮಾಸ್ತರನು ಶ್ರುತಿಗಾಗಿ ಹಿಡಿದ ಕಪ್ಪು ಎರಡೋ ಬಿಳಿ ನಾಲ್ಕೋ ಎಂಬ ಮನೆಯು ಹೆಚ್ಚು ನಂಬಿಕೆಯದಾಗಿದ್ದಿತು.

ತಂಬೂರಿಯು ತನ್ನನ್ನು ಮಿಡಿಯುವವನಿಂದ ಪ್ರತಿದಿನವೂ ಪಳಗಿದ ಕಿವಿಯನ್ನು ಬೇಡುತ್ತದೆ. ಪೇಟಿಯಾದರೋ ಅದನ್ನು ಮಾಡಿದವನ ಕಿವಿಯನ್ನು, ಶ್ರುತಿ ಕೂಡಿಸಲರಿಯದ ಇಡೀ ಭಜನಾ ಮಂಡಳಿಗೆ ಎರವಲು ಕೊಡುತ್ತದೆ. ವಿದ್ವಾಂಸರು ದೋಷವೆಂದೆಣಿಸಿದ ಆ ಸ್ಥಿರತೆಯಿಂದಲೇ ಜನಸಾಮಾನ್ಯರು ಒಂದೇ ಸ್ವರದಲ್ಲಿ ಕೂಡಿ ಹಾಡುವುದು ಸಾಧ್ಯವಾಯಿತು.