ಬದುಕಿರುವ ಹೃದಯದ ಗಾಯವನ್ನು ಕಂಡ ಬಗೆ

ಹೃದಯಕ್ಕೆ ರಕ್ತವನ್ನೂಡುವ ಧಮನಿಯು ತಟ್ಟನೆ ಮುಚ್ಚಿಹೋದರೆ ಮನುಷ್ಯನು ಆ ಕ್ಷಣವೇ ಮಡಿಯುವನೆಂಬುದು 20ನೆಯ ಶತಮಾನದ ಮೊದಲವರೆಗೂ ಪಾಶ್ಚಾತ್ಯ ವೈದ್ಯರಲ್ಲಿ ಬಹುಮಟ್ಟಿಗೆ ನೆಲೆಗೊಂಡಿದ್ದ ನಂಬುಗೆ. ಅದನ್ನು ಅಲುಗಿಸಿದವನು ಅಮೆರಿಕದ ಷಿಕಾಗೋ ನಗರದ ಜೇಮ್ಸ್ ಹೆರಿಕ್ ಎಂಬ ವೈದ್ಯನು. ಊಟವಾದ ಮೇಲೆ ಎದೆಯಲ್ಲಿ ತೀವ್ರವಾದ ನೋವು ಕಾಣಿಸಿಕೊಂಡ 55 ವರ್ಷದ ರೋಗಿಯೊಬ್ಬನು 52 ಗಂಟೆಗಳ ಕಾಲ ಜೀವ ಹಿಡಿದುಕೊಂಡಿದ್ದು ತೀರಿಕೊಂಡನು. ಶವಪರೀಕ್ಷೆಯಲ್ಲಿ ಎಡಧಮನಿಯೊಳಗೆ ರಕ್ತದ ಹೆಪ್ಪು ದೊರೆಯಿತು. ಇಂಥ ಆಘಾತವನ್ನು ಅಷ್ಟು ಹೊತ್ತು ತಾಳಿಕೊಳ್ಳಬಹುದಾದರೆ, ದಾಟಿ ಉಳಿದವರೂ ಇರಲೇಬೇಕಷ್ಟೆ. 1912ರಲ್ಲಿ ಹೆರಿಕ್ಕನು ಈ ವಿಚಾರವನ್ನು ವೈದ್ಯಸಭೆಯಲ್ಲಿ ಓದಿದಾಗ ಯಾರೂ ಅದನ್ನು ಗಣನೆಗೆ ತಂದುಕೊಳ್ಳಲಿಲ್ಲ. ಕೆಲವು ವರ್ಷಗಳ ತರುವಾಯ ಆತನು ಹೃದಯದ ವಿದ್ಯುಲ್ಲೇಖವನ್ನು ಸಾಕ್ಷಿಯಾಗಿ ತಂದ ಮೇಲೆಯೇ ವೈದ್ಯಲೋಕವು ಕಿವಿಗೊಟ್ಟಿತು.

ಬದುಕಿದವನ ಹೃದಯದಲ್ಲಿ ಆಮೇಲೆ ಏನಾಗುತ್ತದೆ? ಇದಕ್ಕೆ ಉತ್ತರವು ಸತ್ತವರಿಂದಲೇ ಬರಬೇಕಾಗಿತ್ತು. 1939ರಲ್ಲಿ ಮ್ಯಾಲೊರಿ, ವೈಟ್ ಮೊದಲಾದ ಪಂಡಿತರು 72 ಹೃದಯಗಳನ್ನು ಪರೀಕ್ಷಿಸಿ, ಮಾಂಸವು ಮಡಿಯುವುದು, ಬಿಳಿಯ ರಕ್ತಕಣಗಳು ಬಂದು ಅದನ್ನು ತೆರವುಮಾಡುವುದು, ವಾರಗಳು ಕಳೆದಂತೆ ನಾರು ಬೆಳೆದು ಕಲೆಗಟ್ಟುವುದು ಎಂಬ ಕ್ರಮವನ್ನು ನಿರೂಪಿಸಿದರು. ಸಣ್ಣ ಗಾಯ ಮಾಯಲು ಸುಮಾರು ಐದು ವಾರ, ದೊಡ್ಡದಕ್ಕೆ ಎರಡು ತಿಂಗಳು. ರೋಗಿಗಳನ್ನು ವಾರಗಟ್ಟಲೆ ಹಾಸಿಗೆ ಬಿಟ್ಟೇಳಗೊಡದಿದ್ದ ಅಂದಿನ ಪದ್ಧತಿಗೆ ಇದೊಂದು ಆಧಾರವಾಯಿತು. ಆದರೆ ಹಾಸಿಗೆಯಲ್ಲಿ ಮಲಗಿದ್ದವನ ಸ್ವಂತ ಗಾಯವು ಎಷ್ಟು ದೊಡ್ಡದು, ಎಲ್ಲಿದೆ ಎಂಬುದನ್ನು ಕಣ್ಣಾರೆ ಕಾಣುವ ಉಪಾಯವಿರಲಿಲ್ಲ.

ಈ ಕೊರತೆಯು ಬಾಧಕವಾದದ್ದು, ಮುಚ್ಚಿದ ಧಮನಿಯನ್ನು ತೆರೆಯುವ ಚಿಕಿತ್ಸೆಗಳು ಕೈಗೂಡಿದ ಮೇಲೆ. 1977ರಲ್ಲಿ ರೈಮರ್, ಜೆನ್ನಿಂಗ್ಸ್ ಮತ್ತು ಅವರ ಸಂಗಡಿಗರು ನಾಯಿಗಳ ಮೇಲೆ ನಡೆಸಿದ ಪ್ರಯೋಗದಿಂದ, ಸಾವು ಹೃದಯದ ಗೋಡೆಯ ಒಳಪದರದಲ್ಲಿ ತೊಡಗಿ ಗಂಟೆಗಳು ಕಳೆದಂತೆ ಅಲೆಯ ಹಾಗೆ ಹೊರಪದರದತ್ತ ಸರಿಯುವುದೆಂದು ತಿಳಿಯಿತು. 1982ರಲ್ಲಿ ಬ್ರೌನ್‌ವಾಲ್ಡ್, ಕ್ಲೋನರ್ ಎಂಬವರು ಇನ್ನೊಂದು ಸಂಗತಿಗೆ ಹೆಸರಿಟ್ಟರು: ರಕ್ತವು ಮರಳಿ ಬಂದ ಮೇಲೂ ಮಾಂಸವು ದಿಗ್ಭ್ರಮೆ ಹಿಡಿದಂತೆ ಕೆಲವು ಕಾಲ ಅಲುಗದೆ, ಬಳಿಕ ತಾನಾಗಿ ಚೇತರಿಸಿಕೊಳ್ಳುವುದುಂಟು. ಅಂದ ಮೇಲೆ ಅಲುಗದ ಗೋಡೆಯೆಲ್ಲ ಸತ್ತ ಗೋಡೆಯಲ್ಲ. ಸತ್ತದ್ದಾದರೆ ಎದೆಯನ್ನು ಬಗೆದು ನಾಳ ಜೋಡಿಸುವ ಅಪಾಯವನ್ನು ರೋಗಿಯು ಏತಕ್ಕಾಗಿ ಹೊರಬೇಕು? ಜೀವವಿದ್ದರೆ ಹಾಗೆಯೇ ಬಿಡುವುದು ಅನ್ಯಾಯವಲ್ಲವೇ? ವಿದ್ಯುಲ್ಲೇಖಕ್ಕೆ ವಿದ್ಯುತ್ತು ಗೊತ್ತು, ಶ್ರವಣಾತೀತ ಧ್ವನಿಯ ಚಿತ್ರಕ್ಕೆ ಚಲನೆ ಗೊತ್ತು. ಜೀವವಿದೆಯೇ ಇಲ್ಲವೇ ಎಂಬುದನ್ನು ನೆಟ್ಟಗೆ ಹೇಳುವ ಶಕ್ತಿ ಎರಡಕ್ಕೂ ಇರಲಿಲ್ಲ. ವಿಕಿರಣದ್ರವ್ಯವನ್ನು ಚುಚ್ಚಿ ತೆಗೆಯುವ ಚಿತ್ರವಾದರೋ ಒಳಪದರದ ತೆಳುವಾದ ಗಾಯವನ್ನು ಬೇರ್ಪಡಿಸಿ ತೋರಿಸಲಾರದಷ್ಟು ಮಸುಕಾಗಿದ್ದಿತು.

ಅಷ್ಟರಲ್ಲಿ ಭೌತವಿಜ್ಞಾನದ ಕಡೆಯಿಂದ ಬೇರೊಂದು ದಾರಿ ತೆರೆದಿತ್ತು. ಬಲವಾದ ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳು ರೇಡಿಯೋ ಅಲೆಗಳಿಗೆ ಮಾರ್ದನಿ ಕೊಡುವುದನ್ನು ಬ್ಲಾಕ್, ಪರ್ಸೆಲ್ ಎಂಬವರು 1946ರಲ್ಲಿ ಬೇರೆಬೇರೆಯಾಗಿ ಕಂಡುಹಿಡಿದರು. ಆ ಮಾರ್ದನಿಯಿಂದ ಚಿತ್ರವನ್ನೇ ರಚಿಸಬಹುದೆಂದು ಲಾಟರ್‌ಬರ್ 1973ರಲ್ಲಿ ತೋರಿಸಿಕೊಟ್ಟನು. ಇದೇ ಇಂದಿನ ಎಂ.ಆರ್.ಐ. ಯಂತ್ರದ ಮೂಲ. ಮಿಡಿಯುವ ಹೃದಯದ ಚಿತ್ರ ಅಳಿಸಿಹೋಗದಂತೆ ಯಂತ್ರವನ್ನು ನಾಡಿಯ ಗತಿಗೆ ಹೊಂದಿಸಿ, ರೋಗಿಯು ಉಸಿರು ಬಿಗಿಹಿಡಿಯುವಂತೆ ಮಾಡುತ್ತಾರೆ. ಅದಕ್ಕೆ ಒದಗಿಬಂದ ಸಹಾಯಕವು ಗ್ಯಾಡೊಲಿನಿಯಂ ಎಂಬ ಲೋಹ. ಬಿಡಿಯಾಗಿ ಅದು ವಿಷ. ಆದುದರಿಂದ ಬೇರೊಂದು ಅಣುವಿನೊಳಗೆ ಬಂಧಿಸಿಯೇ ರಕ್ತಕ್ಕೆ ಸೇರಿಸುವರು. ಜೀವಂತವಾದ ಕೋಶದ ಗೋಡೆಯನ್ನು ದಾಟಲು ಅದಕ್ಕೆ ಸಾಧ್ಯವಿಲ್ಲ. ಸತ್ತ ಕೋಶದ ಗೋಡೆಯು ಒಡೆದಿರುವುದರಿಂದ ಒಳನುಗ್ಗುತ್ತದೆ. ಹಳೆಯ ಕಲೆಯಲ್ಲಿ ನಾರುಗಳ ನಡುವಣ ಅವಕಾಶ ಹೆಚ್ಚಾದುದರಿಂದ ಅಲ್ಲಿಯೂ ತಂಗುತ್ತದೆ. ಹತ್ತು ಹದಿನೈದು ನಿಮಿಷ ಕಾದು ಚಿತ್ರ ತೆಗೆದರೆ ಬದುಕಿದ ಮಾಂಸವು ಕಪ್ಪಾಗಿಯೂ ಮಡಿದ ಭಾಗವು ಬೆಳ್ಳಗೂ ಕಾಣುವುದು.

ಇದನ್ನು ನೆಲೆಗೊಳಿಸಿದ್ದು ಮತ್ತೆ ಹೆರಿಕ್ಕನ ಷಿಕಾಗೋ ನಗರವೇ. ಅಲ್ಲಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ರೇಮಂಡ್ ಕಿಮ್, ರಾಬರ್ಟ್ ಜಡ್ ಮತ್ತು ಸಂಗಡಿಗರು 1999ರಲ್ಲಿ ನಾಯಿಗಳ ಹೃದಯವನ್ನು ಕೊಯ್ದು, ಬೆಳಗಿದ ಜಾಗಕ್ಕೂ ಸತ್ತ ಜಾಗಕ್ಕೂ ತಾಳೆಯಿರುವುದನ್ನು ತೋರಿಸಿದರು. ಮರುವರ್ಷ 50 ಮಂದಿ ರೋಗಿಗಳನ್ನು ಚಿಕಿತ್ಸೆಗೆ ಮುಂಚೆಯೂ ಆಮೇಲೆಯೂ ಪರೀಕ್ಷಿಸಿದರು. ಚಲನೆ ಕುಂದಿದ್ದರೂ ಬೆಳಗು ಕಾಣದಿದ್ದ 329 ಭಾಗಗಳಲ್ಲಿ 256 ಚೇತರಿಸಿಕೊಂಡವು. ಗೋಡೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳಗಿದ್ದ 58 ಭಾಗಗಳಲ್ಲಿ ಚೇತರಿಸಿಕೊಂಡದ್ದು ಒಂದೇ ಒಂದು. ಶವಪರೀಕ್ಷೆಗೆ ಮೀಸಲಾಗಿದ್ದ ಜ್ಞಾನವು ರೋಗಿಯು ಮನೆಗೆ ಮರಳುವ ಮುನ್ನವೇ ದೊರೆಯುವಂತಾಯಿತು.

ಆದರೂ ಚಿತ್ರವನ್ನು ಓದುವವರು ಎಚ್ಚರ ತಪ್ಪಬಾರದು. ಆಘಾತದ ಮೊದಲ ದಿನಗಳಲ್ಲಿ ಬಾವಿನಿಂದಾಗಿ ಬೆಳ್ಳಗಿನ ಪ್ರದೇಶವು ನಿಜವಾದ ಗಾಯಕ್ಕಿಂತ ದೊಡ್ಡದಾಗಿ ಕಾಣುವುದುಂಟು. ಬಾವಿಳಿದು ಕಲೆ ಮುದುಡಿದಂತೆ ಅದು ಕಿರಿದಾಗುತ್ತದೆ. ಕೆಲವರಲ್ಲಿ ಬೆಳಕಿನ ನಡುವೆ ಕರಿಯ ತಿರುಳೊಂದು ಉಳಿಯುವುದು: ದೊಡ್ಡ ಧಮನಿ ತೆರೆದಿದ್ದರೂ ಸೂಕ್ಷ್ಮನಾಳಗಳಿಗೆ ರಕ್ತ ಹರಿಯಲಿಲ್ಲವೆಂಬುದರ ಕುರುಹು ಅದು, ಒಳ್ಳೆಯ ಲಕ್ಷಣವಲ್ಲ.

ಗಾಯವನ್ನು ಅಳೆಯಲು ಬಂದೊಡನೆ ಅದನ್ನು ಅಳಿಸುವ ಆಸೆಯೂ ಹುಟ್ಟಿತು. ರೋಗಿಯ ಹೃದಯದಿಂದಲೇ ತೆಗೆದು ಬೆಳೆಸಿದ ಕೋಶಗಳನ್ನು 17 ಮಂದಿಗೆ ಕೊಟ್ಟ ಪ್ರಯೋಗದ ಫಲವು 2012ರಲ್ಲಿ ಪ್ರಕಟವಾಯಿತು. ಎಂ.ಆರ್.ಐ. ಚಿತ್ರದಲ್ಲಿ ಕಲೆಯು ಕುಗ್ಗಿತ್ತು. ಹೃದಯವು ರಕ್ತವನ್ನೊತ್ತುವ ಬಲ ಮಾತ್ರ ಚಿಕಿತ್ಸೆ ಪಡೆಯದವರಿಗಿಂತ ಹೆಚ್ಚಲಿಲ್ಲ. ಬಳಿಕ ದಾನಿಗಳ ಕೋಶಗಳಿಂದ ನಡೆಸಿದ ದೊಡ್ಡ ಪ್ರಯೋಗದ ವರದಿ 2020ರಲ್ಲಿ ಬಂದಿತು. ಆರು ತಿಂಗಳ ಚಿತ್ರಗಳಲ್ಲಿ ಕೋಶ ಪಡೆದವರ ಕಲೆಗೂ ಪಡೆಯದವರ ಕಲೆಗೂ ಅಳತೆಯಲ್ಲಿ ಅಂತರ ಕಾಣಲಿಲ್ಲ.