ಗಂಡಗಾಯ್

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮರಂಬಿಜಿ ನದಿಯ ದಂಡೆಯ ಮೇಲಿರುವ ಸಣ್ಣ ಪಟ್ಟಣ. ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳನ್ನು ಕೂಡಿಸುವ ಹ್ಯೂಮ್ ಹೆದ್ದಾರಿಯ ಬದಿಗೆ, ಸಿಡ್ನಿಯಿಂದ ಸುಮಾರು 390 ಕಿಮೀ ದೂರದಲ್ಲಿದೆ. ಇದು ವಿರಾಜುರಿ ಮೂಲನಿವಾಸಿಗಳ ನೆಲ. ಸುತ್ತಲಿನ ಹಳ್ಳಿಗಾಡಿನಲ್ಲಿ ಕುರಿ, ದನಗಳ ಸಾಕಣೆ ಮುಖ್ಯ ಕಸುಬು.

ಹುಟ್ಟು ಮತ್ತು ನೆರೆ: 1824ರಲ್ಲಿ ಹ್ಯಾಮಿಲ್ಟನ್ ಹ್ಯೂಮ್, ವಿಲಿಯಂ ಹೋವೆಲ್ ಇಬ್ಬರೂ ದಕ್ಷಿಣಕ್ಕೆ ದಾರಿ ಹುಡುಕುತ್ತ ಈ ಸೀಮೆಯನ್ನು ಹಾದುಹೋದರು. ಅವರ ಜಾಡು ಹಿಡಿದು ಕುರಿಮಂದೆಗಳೊಡನೆ ಬಿಳಿಯ ವಲಸೆಗಾರರು ಬಂದರು. ಗಾಡಿಗಳು ನದಿ ದಾಟುವ ಕಡವಿನ ಬಳಿ 1838ರಲ್ಲಿ ಊರು ಅಧಿಕೃತವಾಗಿ ನೆಲೆಗೊಂಡಿತು. ತಗ್ಗಿನ ಬಯಲು ಮುಳುಗುತ್ತದೆಂದು ವಿರಾಜುರಿ ಜನ ಎಚ್ಚರಿಸಿದ್ದರೂ ವಲಸೆಗಾರರು ಅಲ್ಲೇ ಮನೆ ಕಟ್ಟಿದರು. 1852ರ ಜೂನ್ ಕೊನೆಯ ವಾರ ಬಂದ ನೆರೆ ಊರನ್ನೇ ಕೊಚ್ಚಿಕೊಂಡುಹೋಯಿತು. ಸುಮಾರು 250 ಜನರಿದ್ದ ಊರಿನಲ್ಲಿ ಕನಿಷ್ಠ 78 ಮಂದಿ ಸತ್ತರು. ಮರಗಳ ಮೇಲೆ, ಮಾಡುಗಳ ಮೇಲೆ ಜೀವ ಹಿಡಿದು ಕುಳಿತವರನ್ನು ಯಾರಿ, ಜಾಕಿ ಜಾಕಿ ಮೊದಲಾದ ವಿರಾಜುರಿ ಗಂಡಸರು ಮರದ ತೊಗಟೆಯ ದೋಣಿಗಳಲ್ಲಿ ಕರೆತಂದರು. ಹೀಗೆ ಅರುವತ್ತಕ್ಕೂ ಹೆಚ್ಚು ಮಂದಿ ಬದುಕಿದರು. ತಮ್ಮ ನೆಲವನ್ನು ಕಸಿದುಕೊಂಡವರ ಪ್ರಾಣ ಉಳಿಸಿದ ಈ ಔದಾರ್ಯ ಆಸ್ಟ್ರೇಲಿಯದ ಚರಿತ್ರೆಯಲ್ಲಿ ನೆನೆಯಬೇಕಾದದ್ದು. ಆಮೇಲೆ ಊರು ಎತ್ತರದ ನೆಲಕ್ಕೆ ಸರಿಯಿತು.

ರಸ್ತೆಯ ಕಾಲ: 1867ರಲ್ಲಿ ಪ್ರಿನ್ಸ್ ಆಲ್ಫ್ರೆಡ್ ಸೇತುವೆ ಬಳಕೆಗೆ ಬಂದಿತು, 1886ರಲ್ಲಿ ರೈಲು ಬಂದಿತು. ಎತ್ತಿನ ಗಾಡಿಯವರಿಗೂ ಮುಂದೆ ಲಾರಿ, ಕಾರುಗಳಲ್ಲಿ ಬಂದವರಿಗೂ ಇದು ತಂಗುವ ಊರಾಯಿತು. ಮುಖ್ಯ ಬೀದಿಯಾದ ಶೆರಿಡನ್ ಸ್ಟ್ರೀಟಿನ ಹೋಟೆಲುಗಳಿಗೆ ದಾರಿಹೋಕರೇ ಆಸರೆ. ಗ್ರೀಕ್ ವಲಸಿಗರು ನಡೆಸಿದ ನಯಾಗರಾ ಕೆಫೆ ಇವುಗಳಲ್ಲಿ ಹೆಸರಾದದ್ದು. ಗಾಡಿಯವರ ಬುತ್ತಿಪೆಟ್ಟಿಗೆಯ ಮೇಲೆ ಕುಳಿತ ನಾಯಿಯ ಜಾನಪದ ಕತೆಗೆ ಫ್ರಾಂಕ್ ರುಸ್ಕೋನಿ ಶಿಲ್ಪದ ರೂಪ ಕೊಟ್ಟರು. ಊರಿನಿಂದ ಸುಮಾರು 8 ಕಿಮೀ ದೂರದಲ್ಲಿರುವ ಈ ಶಿಲ್ಪವನ್ನು 1932ರಲ್ಲಿ ಪ್ರಧಾನಿ ಜೋಸೆಫ್ ಲಯನ್ಸ್ ಅನಾವರಣ ಮಾಡಿದರು.

ಬೈಪಾಸಿನ ನಂತರ: 1977ರಲ್ಲಿ ಶೀಹನ್ ಸೇತುವೆ ತೆರೆದು ಹೆದ್ದಾರಿ ಊರನ್ನು ಬಳಸಿ ಹೋಯಿತು. ಬೀದಿಯಲ್ಲಿ ಲಾರಿಗಳ ಸದ್ದಡಗಿತು. ಜೊತೆಗೆ ದಾರಿಯ ವ್ಯಾಪಾರವೂ ಇಳಿಯಿತು. ಈಗ ಊಟಕ್ಕೋ ಊರಿನ ಚರಿತ್ರೆಗೋ ಮನಸ್ಸು ಮಾಡಿದವರು ಹೆದ್ದಾರಿ ಬಿಟ್ಟು ಒಳಗೆ ಬರುತ್ತಾರೆ. ಅವರಿಗೆ ಶೆರಿಡನ್ ಸ್ಟ್ರೀಟಿನಲ್ಲಿ ಯಾರಿ, ಜಾಕಿ ಜಾಕಿಯರ ಕಂಚಿನ ಪ್ರತಿಮೆಗಳು ಕಾಣಸಿಗುತ್ತವೆ. ಇವನ್ನು ಸ್ಥಾಪಿಸಿದ್ದು 2017ರಲ್ಲಿ, ನೆರೆ ಬಂದು 165 ವರ್ಷಗಳಾದ ಮೇಲೆ.