ಒಂದು ಪಟ್ಟಾಭಿಷೇಕದ ಮೆರವಣಿಗೆ ವಾದ್ಯ



ಅರಸನು ಸಿಂಹಾಸನವನ್ನೇರುವಾಗ ಮಂಗಳವಾದ್ಯಗಳು ಮೊಳಗಬೇಕೆಂಬುದು ಅನೇಕ ದೇಶಗಳಿಗೆ ಸಮಾನವಾದ ಸಂಪ್ರದಾಯ. ನಮ್ಮಲ್ಲಿ ನಾಗಸ್ವರವೂ ನೌಬತ್ತೂ ಸಲ್ಲಿಸುವ ಸೇವೆಯನ್ನು ಇಂಗ್ಲೆಂಡಿನಲ್ಲಿ ತುತ್ತೂರಿ, ಆರ್ಗನ್, ತಂತೀವಾದ್ಯಗಳ ದೊಡ್ಡ ಮೇಳವು ಸಲ್ಲಿಸುತ್ತದೆ. ಅಂತಹ ಸಂದರ್ಭಕ್ಕೆಂದೇ ವಿಲಿಯಂ ವಾಲ್ಟನ್ ರಚಿಸಿದ ‘ಕ್ರೌನ್ ಇಂಪೀರಿಯಲ್’ ಎಂಬ ಮಾರ್ಚಿನ ಚರಿತ್ರೆಯನ್ನು ಈಗ ವಿಚಾರಮಾಡೋಣ.

1936ನೆಯ ಜನವರಿಯಲ್ಲಿ ಐದನೆಯ ಜಾರ್ಜ್ ದೊರೆ ಕಾಲವಾದನು. ಎಂಟನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ 1937ನೆಯ ಮೇ 12ನೆಯ ದಿನವು ಗೊತ್ತಾಯಿತು. ಆದರೆ ಡಿಸೆಂಬರಿನಲ್ಲಿ ಆತನು ಸಿಂಹಾಸನವನ್ನು ತ್ಯಜಿಸಿದನು. ಗೊತ್ತಾದ ದಿನ ಬದಲಾಗಲಿಲ್ಲ. ದೊರೆ ಮಾತ್ರ ಬದಲಾದನು. ಆ ದಿನ ಕಿರೀಟವನ್ನು ಧರಿಸಿದವನು ತಮ್ಮನಾದ ಆರನೆಯ ಜಾರ್ಜ್.

ರಾಜೋತ್ಸವಗಳಿಗೆ 1897ರಲ್ಲಿಯೂ 1911ರಲ್ಲಿಯೂ ಮಾರ್ಚುಗಳನ್ನು ರಚಿಸಿಕೊಟ್ಟಿದ್ದ ಎಡ್ವರ್ಡ್ ಎಲ್ಗರನು 1934ರಲ್ಲಿಯೇ ತೀರಿಕೊಂಡಿದ್ದನು. ಬ್ರಿಟಿಷ್ ನಭೋವಾಣಿ ಸಂಸ್ಥೆಯಾದ ಬಿ.ಬಿ.ಸಿ.ಯು ಈ ಕಾರ್ಯವನ್ನು ಮೂವತ್ತೈದರ ಅಂಚಿನಲ್ಲಿದ್ದ ವಾಲ್ಟನ್ನನಿಗೆ ವಹಿಸಿತು. ಇದರಲ್ಲಿ ಒಂದು ಸೋಜಿಗವುಂಟು. ತಾರುಣ್ಯದಲ್ಲಿ ಆತನು ವಿನೋದಕ್ಕೂ ವಿಡಂಬನೆಗೂ ಹೆಸರಾಗಿದ್ದವನು. 1931ರಲ್ಲಿ ‘ಬೆಲ್‌ಷಜರನ ಔತಣ’ವೆಂಬ ಕೃತಿಯಲ್ಲಿ, ಮದಾಂಧನಾದ ಬಾಬಿಲೋನಿನ ಅರಸನು ಒಂದೇ ರಾತ್ರಿಯಲ್ಲಿ ನಾಶವಾದ ಕಥೆಯನ್ನು ಗಾನಕ್ಕೆ ಅಳವಡಿಸಿದ್ದನು. ಅರಸುತನದ ಪತನವನ್ನು ಹಾಡಿಸಿದವನೇ ಅದರ ವೈಭವವನ್ನು ನುಡಿಸಬೇಕಾಯಿತು!

ಕೃತಿಯ ಕಟ್ಟಡವು ಸರಳ. ಮೊದಲು ಚುರುಕಾದ ಲಯದಲ್ಲಿ ಮೆಲ್ಲನೆ ಆರಂಭವಾಗಿ ಕ್ರಮವಾಗಿ ಏರುವ ಭಾಗ. ನಡುವೆ ಎಲ್ಗರನ ರೀತಿಯನ್ನು ನೆನಪಿಗೆ ತರುವ ಗಂಭೀರವಾದ, ನೀಳವಾದ ರಾಗ. ಕೊನೆಯಲ್ಲಿ ಅದೇ ರಾಗವು ಸಮಸ್ತ ವಾದ್ಯಗಳ ಘೋಷದೊಡನೆ ಹಿಂದಿರುಗುತ್ತದೆ. ನವೀನನೆನಿಸಿಕೊಂಡವನು ಹಳೆಯ ಹಾದಿಯನ್ನು ಹಿಡಿದನೆಂದು ಆಕ್ಷೇಪಿಸಿದವರೂ ಇದ್ದರು. ಆದರೆ ಮೆರವಣಿಗೆಗೆ ಮುಖ್ಯವಾದುದು ನೂತನತೆಯಲ್ಲ. ನಡೆಯುವವರ ಹೆಜ್ಜೆಗೆ ಧೈರ್ಯ ಕೊಡುವ ಲಯ. ನಾಲ್ಕೈದು ತಿಂಗಳ ಹಿಂದೆ ತಳಮಳಗೊಂಡಿದ್ದ ರಾಜ್ಯಕ್ಕೆ ಬೇಕಾಗಿದ್ದುದೂ ಅದೇ. ನಭೋವಾಣಿಯಲ್ಲಿ ಪ್ರಸಾರವಾದ ಮೊದಲನೆಯ ಬ್ರಿಟಿಷ್ ಪಟ್ಟಾಭಿಷೇಕವೆಂಬ ಕೀರ್ತಿಯೂ 1937ರ ಉತ್ಸವಕ್ಕೇ ಸಲ್ಲುತ್ತದೆ.

‘ಇಂಪೀರಿಯಲ್’ ಎಂದರೆ ಸಾಮ್ರಾಜ್ಯಕ್ಕೆ ಸೇರಿದುದು. ಅಂದು ಕಿರೀಟ ಧರಿಸಿದ ದೊರೆಗೆ ಭಾರತ ಚಕ್ರವರ್ತಿಯೆಂಬ ಬಿರುದಿತ್ತು. ಹತ್ತು ವರ್ಷ ಕಳೆದ ಮೇಲೆ ಭಾರತವು ಸ್ವತಂತ್ರವಾಯಿತು; 1948ರಲ್ಲಿ ಆ ಬಿರುದೂ ಲುಪ್ತವಾಯಿತು. ಆದರೂ 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದಲ್ಲಿ, ವಾಲ್ಟನ್ನನು ಹೊಸದಾಗಿ ರಚಿಸಿದ ‘ಆರ್ಬ್ ಅಂಡ್ ಸೆಪ್ಟರ್’ ಮಾರ್ಚಿನ ಜತೆಗೆ ಈ ಹಳೆಯದೂ ಮೊಳಗಿತು. 2011ರಲ್ಲಿ ರಾಜಕುಮಾರ ವಿಲಿಯಮ್ಮನ ವಿವಾಹ ಮುಗಿದು ವಧೂವರರು ವೆಸ್ಟ್‌ಮಿನ್‌ಸ್ಟರ್ ಆಬೆಯಿಂದ ಹೊರಡುವಾಗಲೂ ಇದನ್ನೇ ನುಡಿಸಿದರು.

ಬಿರುದುಗಳನ್ನು ಶಾಸನದಿಂದ ತೆಗೆದುಹಾಕಬಹುದು. ನಾದವನ್ನು ಹಾಗೆ ತೆಗೆದುಹಾಕಲಾಗದು. ಸಾಮ್ರಾಜ್ಯದ ಹೆಸರನ್ನು ಹೊತ್ತ ಈ ಕೃತಿಯನ್ನು ಒಂದು ಕಾಲದಲ್ಲಿ ಅದರ ಪ್ರಜೆಗಳಾಗಿದ್ದ ನಾವು ಇಂದು ನಿಶ್ಚಿಂತೆಯಿಂದ, ಕೇವಲ ಸಂಗೀತವೆಂದು ಕೇಳಬಲ್ಲೆವು. ಅದರ ನಿಜವಾದ ಬೆಲೆಯನ್ನು ಕಟ್ಟಲು ಬಹುಶಃ ನಮಗಿಂತ ನಿಷ್ಪಕ್ಷಪಾತಿಗಳಾದ ಶ್ರೋತೃಗಳು ದೊರೆಯಲಾರರು.